ಸುಮ್ಮನೆ ಬಂದ ವಿಮಾನ

ಯಾರಾದರೂ ಮನೆಗೆ ಬಂದು ‘ಸುಮ್ಮನೆ ಬಂದೆ’ ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಸುಮ್ಮನೆ ಬಂದವರನ್ನು ನಾನು ಕಂಡದ್ದು ಕಡಿಮೆ. ಬಂದವರು ಕೂತು, ಮಳೆ ಬೆಳೆ ವಿಚಾರಿಸಿ, ಚಹಾ ಕುಡಿದು, ಲೋಟ ಕೆಳಗಿಟ್ಟು, ‘ಬರ್ತೀನಿ’ ಎಂದು ಎದ್ದು, ಹೊಸಿಲು ದಾಟಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡ ಮೇಲೆ ‘ಅಂದಹಾಗೆ’ ಎನ್ನುತ್ತಾರೆ. ಬಂದ ಕೆಲಸ ಇರುವುದು ಆ ಎರಡನೆಯ ಚಪ್ಪಲಿಯಲ್ಲಿ. ಅದಕ್ಕೇ ನಾನು ಅತಿಥಿಗಳ ಮುಖಕ್ಕಿಂತ ಅವರ ಕಾಲುಗಳನ್ನು ಹೆಚ್ಚು ಗಮನಿಸುತ್ತೇನೆ. ನನ್ನ ಹೆಂಡತಿ ಇದನ್ನು ರೋಗ ಎನ್ನುತ್ತಾಳೆ. ನಾನು ವಂಶದ ಆಸ್ತಿ ಎನ್ನುತ್ತೇನೆ. ನಮ್ಮ ಮನೆತನದಲ್ಲಿ ಜಗಳವಿಲ್ಲದೆ ಎಲ್ಲರಿಗೂ ಸಮಪಾಲಾಗಿ ಬಂದ ಆಸ್ತಿ ಅದೊಂದೇ.

ಬೆಂಕಿಪೊಟ್ಟಣ ಕೊಂಡರೆ ಅಲ್ಲಾಡಿಸಿ ನೋಡುತ್ತೇನೆ. ಕಂಡಕ್ಟರು ಬಸ್ಸು ಈಗ ಹೊರಡುತ್ತದೆ ಎಂದರೆ, ಡ್ರೈವರ್ ಬೀಡಿ ಎಲ್ಲಿಯವರೆಗೆ ಉರಿದಿದೆ ಎಂದು ನೋಡಿಕೊಂಡೇ ಹತ್ತುತ್ತೇನೆ. ಯಾರಾದರೂ ಹೊಗಳಿದರಂತೂ ಮುಗಿಯಿತು, ಆ ರಾತ್ರಿ ನಿದ್ದೆಯಿಲ್ಲ. ಇಂಥ ನನಗೂ ನಮ್ಮ ಇಡೀ ಸೀಮೆಗೂ ಒಮ್ಮೆ ದೊಡ್ಡ ಪರೀಕ್ಷೆ ಬಂತು. ಅದು ಆಕಾಶದಿಂದ ಬಂತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನಾಗ ಹೊನ್ನಾಳಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಶನಿವಾರ ಬೆಳಗಿನ ತರಗತಿ ಮುಗಿಸಿ ದಾವಣಗೆರೆ ಬಸ್ಸು ಹತ್ತಿ, ಅಲ್ಲಿ ಇನ್ನೊಂದು ಬಸ್ಸು ಹಿಡಿದು, ಜಗಳೂರಿನ ಹತ್ತಿರದ ನಮ್ಮ ಹಳ್ಳಿಗೆ ಹೋಗುತ್ತಿದ್ದೆ. ಹಳ್ಳಿಯ ಪಕ್ಕದಲ್ಲಿ ಒಂದು ಬಯಲು. ಹಿಂದೆ ಯಾರೋ ದೊಡ್ಡ ಮನುಷ್ಯರು ವಿಮಾನದಲ್ಲಿ ಬರುತ್ತಾರೆಂದು ಅದನ್ನು ಉದ್ದಕ್ಕೆ ಸಮ ಮಾಡಿ, ರೋಲರ್ ಓಡಿಸಿ ಗಟ್ಟಿ ಮಾಡಿದ್ದರು. ದೊಡ್ಡ ಮನುಷ್ಯರು ಕಾರಿನಲ್ಲಿ ಬಂದು ಕಾರಿನಲ್ಲೇ ಹೋದರು. ಬಯಲು ನಮಗೆ ಉಳಿಯಿತು. ಅದರ ಮೇಲೆ ನಾವು ಶೇಂಗಾ ಒಣಗಿಸುತ್ತಿದ್ದೆವು.

ಆ ಬಯಲಿಗೆ ಅಂಟಿಕೊಂಡೇ ನೀಲಮ್ಮ ದೊಡ್ಡಮ್ಮನ ನಾಲ್ಕು ಎಕರೆ ಹೊಲ. ದೊಡ್ಡಮ್ಮ ಅಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ತೀರಿಕೊಂಡ ಮೇಲೆ ಆ ಹೊಲ ಬಿಟ್ಟರೆ ಅವಳಿಗೆ ಇನ್ನೊಂದು ಆಧಾರವಿರಲಿಲ್ಲ. ಪಕ್ಕದ ಹೊಲ ನಮ್ಮದು, ನಡುವೆ ಒಂದು ಬದು. ದೊಡ್ಡಮ್ಮನಿಗೆ ಎತ್ತುಗಳಿರಲಿಲ್ಲವಾದ್ದರಿಂದ ಅವಳ ಹೊಲವನ್ನೂ ಅಪ್ಪನೇ ಉತ್ತು ಕೊಡುತ್ತಿದ್ದ. ಅತ್ತಿಗೆಗೆ ತನ್ನನ್ನು ಬಿಟ್ಟರೆ ಯಾರಿದ್ದಾರೆ ಎಂದು ಊರಿಗೆಲ್ಲ ಹೇಳುತ್ತಿದ್ದ. ಊರೂ ಹೌದೌದು ಎನ್ನುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಆ ಬಯಲಿನ ಮೇಲೆ ಪುಟ್ಟ ವಿಮಾನವೊಂದು ಎರಡು ಸುತ್ತು ಹಾಕಿ, ದನಗಳನ್ನು ಚದುರಿಸಿ, ಕುಪ್ಪಳಿಸುತ್ತಾ ಇಳಿಯಿತು. ಊರೆಲ್ಲ ಓಡಿತು. ಬಾಗಿಲು ತೆಗೆದು ಇಳಿದವರು ಬೋಳುತಲೆಯ, ದುಂಡನೆಯ ಒಬ್ಬ ಯಜಮಾನರು. ಮೊದಲು ಕೇಳಿದ್ದು, ಇಲ್ಲಿ ಚಹಾ ಎಲ್ಲಿ ಸಿಗುತ್ತದೆ ಎಂದು. ಯಾಕೆ ಬಂದಿರಿ ಎಂದು ಅಪ್ಪ ಕೇಳಿದ. ಅವರು ಬೆನ್ನು ನೀವಿಕೊಳ್ಳುತ್ತಾ, “ಏನಿಲ್ರೀ, ಸುಮ್ನ ಬಂದೆ” ಅಂದರು.

ನಮ್ಮ ಊರಿನಲ್ಲಿ ಸೈಕಲ್ ಮೇಲೆ ಸುಮ್ಮನೆ ಬಂದವನನ್ನೇ ಯಾರೂ ನಂಬುವುದಿಲ್ಲ. ಇನ್ನು ವಿಮಾನದಲ್ಲಿ ಬಂದವರನ್ನು?

ಅವರು ಹುಬ್ಬಳ್ಳಿ ಕಡೆಯ ಹಲ್ಲಿನ ಡಾಕ್ಟರು. ವಾರವೆಲ್ಲ ಜನರ ಬಾಯಿಯೊಳಗೆ ಇಣುಕಿ ಬೇಸತ್ತು, ರಜೆಯ ದಿನ ಕ್ಲಬ್ಬೊಂದರ ಎರಡು ಸೀಟಿನ ವಿಮಾನ ಬಾಡಿಗೆಗೆ ಪಡೆದು ಹಾರುವ ಹವ್ಯಾಸ. ದೊಡ್ಡ ವಿಮಾನ ನಿಲ್ದಾಣಗಳೆಂದರೆ ಅವರಿಗೆ ಆಗದು. ಅವರಿಗೆ ಇಷ್ಟವಾದದ್ದು ಇಂಥ ಪುಟ್ಟ ಬಯಲುಗಳು. ಚಹಾ ಕುಡಿಯುತ್ತಾ ಅವುಗಳ ಗುಣಗಾನ ಮಾಡಿದರು. ಒಂದು ಸಕ್ಕರೆ ಕಾರ್ಖಾನೆಯ ಬಯಲಂತೆ, ಇಳಿದ ಕೂಡಲೇ ಕಬ್ಬಿನ ಹಾಲು ಸಿಗುತ್ತದಂತೆ. ಇನ್ನೊಂದು ಸಿಮೆಂಟ್ ಕಾರ್ಖಾನೆಯದು. ಗಾಳಿ ಕೆಟ್ಟದ್ದು, ಇಡ್ಲಿ ಒಳ್ಳೆಯದು. ಮತ್ತೊಂದು ಯಾವುದೋ ಕೆರೆಯ ಪಕ್ಕ. ಅಲ್ಲಿ ಕೊಕ್ಕರೆಗಳು ಏಳುವವರೆಗೂ ಮೇಲೇ ಸುತ್ತುತ್ತಿರಬೇಕಂತೆ. ನಮ್ಮ ಊರಿನ ಹೋಟೆಲಿನ ಮಂಡಕ್ಕಿ ಮೆಣಸಿನಕಾಯಿ ತಿಂದು ಕಣ್ಣೊರೆಸಿಕೊಂಡು, ನಮ್ಮ ಬಯಲನ್ನೂ ಆ ಸಾಲಿಗೆ ಸೇರಿಸಿದೆನೆಂದರು. ಆಮೇಲೆ ತಿಂಗಳಿಗೊಮ್ಮೆ ತಪ್ಪದೆ ಬರತೊಡಗಿದರು.

ಮಂಡಕ್ಕಿಗಾಗಿ ಅಷ್ಟು ದೂರದಿಂದ ಹಾರಿ ಬರುವುದೇ? ನಮ್ಮ ಹೋಟೆಲಿನವನೇ ನಂಬಲಿಲ್ಲ. ತನ್ನ ಮಂಡಕ್ಕಿಯ ಯೋಗ್ಯತೆ ಅವನಿಗೆ ಗೊತ್ತಿತ್ತು.

ಡಾಕ್ಟರಿಗೆ ನೇರ ದಾರಿಯ ಅಭ್ಯಾಸವಿರಲಿಲ್ಲ. ಹೊಳೆಯ ಜಾಡು ಹಿಡಿದು ಹೊನ್ನಾಳಿಯವರೆಗೆ ಬಂದು, ಚನ್ನಗಿರಿ ಸೀಮೆಯ ಸೂಳೆಕೆರೆಯ ಮೇಲೊಂದು ಸುತ್ತು ಹಾಕಿ, ಆಮೇಲೆ ನಮ್ಮ ಕಡೆಗೆ ತಿರುಗುತ್ತಿದ್ದರು. ಹೀಗಾಗಿ ಅನುಮಾನವೂ ಅವರ ಜೊತೆ ಊರೂರು ಸುತ್ತಿತು. ವಾರವಿಡೀ ಹೊನ್ನಾಳಿ ಬಸ್‌ಸ್ಟ್ಯಾಂಡಿನಲ್ಲಿ ನಾನು ಅದನ್ನು ಕೇಳಿಸಿಕೊಳ್ಳುತ್ತಿದ್ದೆ. ಚನ್ನಗಿರಿಯ ತೋಟದವರ ಪ್ರಕಾರ ಅದು ಅಡಿಕೆ ಗೊನೆಗಳನ್ನು ಮೇಲಿನಿಂದ ಎಣಿಸಲು ವ್ಯಾಪಾರಿಗಳು ಕಳಿಸಿದ ವಿಮಾನ. ಮರದ ಮೇಲೇ ಫಸಲು ನೋಡಿ ಖೇಣಿ, ಅಂದರೆ ಇಡೀ ತೋಟದ ಗುತ್ತಿಗೆ, ಮಾತಾಡುವವರು ಇನ್ನು ತೋಟಕ್ಕೆ ಕಾಲೇ ಇಡುವುದಿಲ್ಲವಂತೆ. ಸಾಸ್ವೆಹಳ್ಳಿಯವರಿಗೆ ಅದು ಹೊಳೆಗೆ ಹಾಕಿದ ಪಂಪುಗಳನ್ನು ಹುಡುಕುವ ವಿಮಾನ. ನ್ಯಾಮತಿಯ ಕಡೆ ಕದ್ದು ಮರ ಕಡಿದವರನ್ನು ಹಿಡಿಯುವುದು. ಯೋಚಿಸಿದರೆ, ಆ ವಿಮಾನದ ಬಗ್ಗೆ ಯಾರು ಏನು ಹೇಳುತ್ತಾರೆ ಎನ್ನುವುದರಿಂದ ಅವರವರು ಏನು ಮುಚ್ಚಿಟ್ಟಿದ್ದಾರೆ ಎನ್ನುವುದು ತಿಳಿಯುತ್ತಿತ್ತು. ನಾನು ಮಾತ್ರ ಏನೂ ಮುಚ್ಚಿಟ್ಟಿರಲಿಲ್ಲ. ಆದ್ದರಿಂದ ಡಾಕ್ಟರು ಹೆಣ್ಣು ನೋಡಲು ಬರುತ್ತಿರಬೇಕೆಂದು ಅನುಮಾನಿಸಿದೆ. ಅವರಿಗೆ ಮೊಮ್ಮಕ್ಕಳಿದ್ದಾರೆಂದು ಆಮೇಲೆ ಗೊತ್ತಾಯಿತು.

ದೊಡ್ಡಮ್ಮನ ಅನುಮಾನ ಇವೆಲ್ಲಕ್ಕಿಂತ ಗಟ್ಟಿ. ಬಯಲನ್ನು ಉದ್ದ ಮಾಡುತ್ತಾರೆ, ಉದ್ದ ಮಾಡಿದರೆ ಮೊದಲು ಹೋಗುವುದು ತನ್ನ ಹೊಲ. ಅವಳ ತವರು ಗೋವಿನಕೋವಿ. ಅಲ್ಲಿ ರಸ್ತೆಗೆಂದು ಜಮೀನು ನೋಡಲು ಬಂದವರೂ ಮೊದಲನೆಯ ಸಲ ನೀರು ಕೇಳಿ ಕುಡಿದು, ಊರು ಚೆನ್ನಾಗಿದೆ ಎಂದು ಹೊಗಳಿ ಹೋಗಿದ್ದರಂತೆ. ಎರಡನೆಯ ಸಲ ಗೂಟ ತಂದರಂತೆ. ಡಾಕ್ಟರು ಬಂದಾಗಲೆಲ್ಲ ದೊಡ್ಡಮ್ಮ ಹೊಲದ ಮೂಲೆಯಲ್ಲಿ ಕುಡುಗೋಲು ಹಿಡಿದು ನಿಂತು, ಅವರ ಕೈಯಲ್ಲಿ ಗೂಟ ಇದೆಯೇ ಎಂದು ನೋಡುತ್ತಿದ್ದಳು.

ಆ ಜಾತಿಯ ವಿಮಾನಕ್ಕೆ ಪುಷ್ಪಕ ಎಂದು ಹೆಸರು ಎಂಬುದನ್ನು ನಾನು ಮೇಷ್ಟ್ರ ಬುದ್ಧಿಯಿಂದ ಅವಳಿಗೆ ಹೇಳಿದೆ. ಹೇಳಬಾರದಿತ್ತು. ಸೀತೆಯನ್ನು ಹೊತ್ತೊಯ್ದದ್ದು ಯಾವುದರಲ್ಲಿ ಎಂದು ಕೇಳಿದಳು. ನನಗೆ ಓದಿದವನ ಹುಮ್ಮಸ್ಸು. ಪುಷ್ಪಕ ರಾವಣನ ಸ್ವಂತದ್ದಲ್ಲ, ಕುಬೇರನದು, ರಾವಣ ಕಿತ್ತುಕೊಂಡದ್ದು, ಕುಬೇರನೂ ಬೇರೆಯವನಲ್ಲ, ಅವನ ಅಣ್ಣನೇ ಎಂದು ವಿವರಿಸಿದೆ. ದೊಡ್ಡಮ್ಮ, ಹಾಗಾದರೆ ಆ ವಿಮಾನ ಎಂದೂ ಒಳ್ಳೆಯ ಕೆಲಸಕ್ಕೆ ಬಂದಿಲ್ಲ ಎಂದಳು. ರಾಮ ಅಯೋಧ್ಯೆಗೆ ಮರಳಿದ್ದೂ ಅದರಲ್ಲೇ ಎಂದು ನಾನು ನೆನಪಿಸುವಷ್ಟರಲ್ಲಿ ಅವಳು ಎದ್ದು ಹೋಗಿದ್ದಳು.

ಕೊನೆಗೆ ಒಂದು ಭಾನುವಾರ ಡಾಕ್ಟರನ್ನೇ ತಡೆದು ಕೇಳಿದಳು. “ನಿಜ ಹೇಳ್ರಿ ಡಾಕ್ಟ್ರೇ, ನನ್ ಹೊಲ ನೋಡಾಕೆ ಯಾರು ಕಳ್ಸ್ಯಾರೆ ನಿಮ್ಮನ್ನ?” ಡಾಕ್ಟರು ನಗಲಿಲ್ಲ, ಅದು ಅವರ ದೊಡ್ಡತನ. ಹಲ್ಲು ಕೀಳುವ ಮುಂಚೆ ರೋಗಿಗೆ ಧೈರ್ಯ ಹೇಳುವ ದನಿಯಲ್ಲಿ, ಒಮ್ಮೆ ತಮ್ಮ ಜೊತೆ ಮೇಲೆ ಬಂದು ನೋಡಲಿ, ತಾವು ಏನು ನೋಡಲು ಬರುವುದೆಂದು ಅವಳಿಗೇ ತಿಳಿಯುತ್ತದೆ ಎಂದರು. ಅಪ್ಪನಂತೂ ಬಹಳ ಹುರಿದುಂಬಿಸಿದ. ಅತ್ತಿಗೆ ಆಕಾಶ ನೋಡಿ ಬಂದರೆ ಮನೆತನಕ್ಕೇ ಹೆಸರು ಎಂದ.

ದೊಡ್ಡಮ್ಮ ಒಂದು ತಿಂಗಳು ಯೋಚಿಸಿ ಒಪ್ಪಿಕೊಂಡಳು. ಹಣೆ ತುಂಬ ವಿಭೂತಿ ಹಚ್ಚಿ, ಸೆರಗು ಸೊಂಟಕ್ಕೆ ಬಿಗಿದು ಬಂದಳು. ಮನೆಯ ಬೀಗದ ಕೈಯನ್ನು ನನ್ನ ಅವ್ವನಿಗೆ ಕೊಟ್ಟವಳು, ಎರಡು ಹೆಜ್ಜೆ ಹೋಗಿ, ತಿರುಗಿ ಬಂದು ಅದನ್ನು ಇಸಿದುಕೊಂಡು ಸೊಂಟದ ಹತ್ತಿರ ಸೀರೆಯ ಬಾಳೆಕಾಯಿ ಮಡಿಕೆಯಲ್ಲಿ ಸಿಕ್ಕಿಸಿಕೊಂಡಳು. ಡಾಕ್ಟರು ಸೊಂಟಕ್ಕೆ ಪಟ್ಟಿ ಕಟ್ಟಿದಾಗ, ಏನೂ ಆಗುವುದಿಲ್ಲ ಎನ್ನುವವರು ಕಟ್ಟುವುದು ಯಾಕೆ ಎಂದು ಕೇಳಿದಳು. ಡಾಕ್ಟರು ಪಟ್ಟಿಯನ್ನು ಇನ್ನೊಮ್ಮೆ ಎಳೆದು ಬಿಗಿದರು.

ವಿಮಾನ ಹೊಲಗಳ ಮೇಲೆ ಮೂರು ಸುತ್ತು ಹಾಕಿತು. ಮೂರನೆಯ ಸುತ್ತು ತುಂಬ ನಿಧಾನವಾಗಿತ್ತು. ಆ ಸುತ್ತು ಹಾಕಿಸಿದ್ದು ದೊಡ್ಡಮ್ಮನೇ ಎಂದು ಆಮೇಲೆ ಡಾಕ್ಟರು ಹೇಳಿದರು. ಕೆಳಗೆ ಅಪ್ಪ ಟವಲು ಬೀಸುತ್ತಾ ಎಲ್ಲರಿಗಿಂತ ಹೆಚ್ಚು ಸಂಭ್ರಮದಲ್ಲಿದ್ದ. ಇಳಿದು ಬಂದ ದೊಡ್ಡಮ್ಮನ ಮುಖದಲ್ಲಿ ಹೆದರಿಕೆಯೂ ಇರಲಿಲ್ಲ, ಖುಷಿಯೂ ಇರಲಿಲ್ಲ. ಹೇಗಿತ್ತು ಎಂದು ಕೇಳಿದೆ. ಎಲ್ಲಾ ಕಂಡಿತು ಎಂದಷ್ಟೇ ಹೇಳಿ ಮನೆಗೆ ಹೋದಳು.

ರಾತ್ರಿ ಊಟಕ್ಕೆ ಅವಳು ನಮ್ಮ ಮನೆಗೇ ಬಂದಳು. ಅಪ್ಪ ರೊಟ್ಟಿ ಮುರಿಯುತ್ತಿದ್ದ. ದೊಡ್ಡಮ್ಮ ಅವನ ಎದುರು ಕೂತು, ಬದುವಿನ ಮಾತು ತೆಗೆದಳು.

“ಬಸಪ್ಪ, ನಿಮ್ಮಣ್ಣ ಇದ್ದಾಗ ಬದು ದಾರ ಹಿಡ್ದಂಗೆ ಇತ್ತು. ಈಗ ಕುಡುಗೋಲಿನಂಗೆ ಬಾಗೈತೆ. ಹೊಟ್ಟೆ ನನ್ ಹೊಲದಾಗೈತೆ.”

ಹೊಲದ ನಡುವೆ ಒಂದು ದಿಬ್ಬವಿದೆ. ಈ ತುದಿಯಲ್ಲಿ ನಿಂತವರಿಗೆ ಬದುವಿನ ಆ ತುದಿ ಕಾಣುವುದಿಲ್ಲ. ವರ್ಷಕ್ಕೊಂದು ಸಾಲಿನಂತೆ ನೇಗಿಲು ಸರಿಯುತ್ತಾ ಹೋದರೆ ನೆಲದ ಮೇಲೆ ನಡೆಯುವವರಿಗೆ ತಿಳಿಯುವುದೂ ಇಲ್ಲ. ಅಪ್ಪ ಮೊದಲು ಎತ್ತುಗಳ ಮೇಲೆ ಹಾಕಿದ, ಅವು ಆ ಕಡೆಗೇ ಎಳೆಯುತ್ತವೆ ಎಂದ. ಆಮೇಲೆ ವಿಮಾನದ ಗಾಜಿನ ಮೇಲೆ ಹಾಕಿದ. ಅಷ್ಟು ಮೇಲಿಂದ ಗಾಜಿನಲ್ಲಿ ನೋಡಿದರೆ ನೆಟ್ಟಗಿದ್ದದ್ದೂ ಸೊಟ್ಟ ಕಾಣುತ್ತದೆ ಎಂದ.

ದೊಡ್ಡಮ್ಮ ದನಿ ಏರಿಸಲಿಲ್ಲ. “ಅದೇ ಗಾಜಿನಾಗೆ ಉಳಿದೋರ ಬದು ನೆಟ್ಟಗೇ ಇದ್ವಪ್ಪ” ಎಂದಳು.

ಅಪ್ಪ ಕೈ ತೊಳೆದುಕೊಂಡ. ನನಗೆ ತಲೆ ಎತ್ತಲಾಗಲಿಲ್ಲ. ಬೆಂಕಿಪೊಟ್ಟಣವನ್ನೂ ಅಲ್ಲಾಡಿಸಿ ನೋಡುವ ನಾನು ಅಪ್ಪನ ನೇಗಿಲನ್ನು ಒಮ್ಮೆಯೂ ನೋಡಿರಲಿಲ್ಲ. ಅನುಮಾನಕ್ಕೆ ದೂರದ್ದು ಚೆನ್ನಾಗಿ ಕಾಣುತ್ತದೆ. ಮೂಗಿನ ಕೆಳಗಿನದು ಕಾಣುವುದಿಲ್ಲ. ಬೇಲಿ ಎದ್ದು ಹೊಲ ಮೇಯ್ದ ಗಾದೆಯನ್ನು ಮಕ್ಕಳಿಗೆ ವಿಸ್ತರಿಸಿ ಬರೆಯಿರಿ ಎಂದು ವರ್ಷವರ್ಷವೂ ಕೊಡುತ್ತಿದ್ದೆ. ನಮ್ಮ ಮನೆಯಲ್ಲೇ ಅದು ವಿಸ್ತಾರವಾಗುತ್ತಿತ್ತು.

ಆ ವಾರವೇ ಅಪ್ಪ ಬದು ಕಿತ್ತು ಹೊಸದಾಗಿ ಹಾಕಿದ. ಊರಿನವರ ಎದುರೇ ಹಾಕಿದ. ನೆಟ್ಟಗಾಯಿತು ನೋಡು ಎಂದು ನನಗೂ ತೋರಿಸಿದ. ನಾನು ದಿಬ್ಬದ ಈಚೆ ನಿಂತು ನೋಡಿದೆ, ನೆಟ್ಟಗೇ ಕಂಡಿತು. ದೊಡ್ಡಮ್ಮ ಒಂದು ಕಣ್ಣು ಮುಚ್ಚಿ ನೋಡಿ, ಆಗಲಿ ಎಂದು ತಲೆಯಾಡಿಸಿ, ಡಾಕ್ಟರು ಬರಲಿ, ಇನ್ನೊಮ್ಮೆ ಹತ್ತಿ ನೋಡಿಬಿಡುತ್ತೇನೆ ಎಂದಳು. ಅಷ್ಟು ಹೊತ್ತಿಗೆ ಊರಿನಲ್ಲಿ ವಿಮಾನ ಹತ್ತುವ ಆಸೆ ಇನ್ನೂ ಕೆಲವು ಹೆಂಗಸರಿಗೆ ಬಂದಿತ್ತು. ಎಲ್ಲರೂ ಮೈದುನನ ಪಕ್ಕದಲ್ಲಿ ಹೊಲ ಇದ್ದವರೇ. ಗಂಡಸರು ಮಾತ್ರ ವಿಮಾನ ಅಪಾಯದ್ದು, ರಕ್ತದ ಒತ್ತಡ ಏರುತ್ತದೆ, ಮಳೆ ಮೋಡ ಚದುರುತ್ತದೆ ಎನ್ನತೊಡಗಿದ್ದರು. ಎಲ್ಲರಿಗಿಂತ ಜೋರಾಗಿ ಹೇಳುತ್ತಿದ್ದವನು ನನ್ನ ಅಪ್ಪ.

ಡಾಕ್ಟರು ಬರಬೇಕಾದ ಭಾನುವಾರ ದೊಡ್ಡಮ್ಮ ಬೆಳಿಗ್ಗೆಯೇ ಅವರಿಗೆಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಯಲಿಗೆ ಹೋದಳು. ಜೊತೆಗೆ ನಾನೂ ಹೋದೆ. ಬಯಲಿನ ನಟ್ಟನಡುವೆ ಅಡ್ಡಡ್ಡಲಾಗಿ ದಪ್ಪ ದಪ್ಪ ಕಲ್ಲುಗಳ ಸಾಲು ಬಿದ್ದಿತ್ತು. ಡಾಕ್ಟರಿಗೆ ಇಳಿಯುವ ಮುಂಚೆ ಸುತ್ತು ಹಾಕಿ ನೆಲ ನೋಡುವ ಅಭ್ಯಾಸವಿದ್ದದ್ದೇ ಪುಣ್ಯ. ವಿಮಾನ ಬಂತು, ಎರಡು ಸುತ್ತು ಹಾಕಿತು. ದೊಡ್ಡಮ್ಮ ಎರಡೂ ಕೈ ಎತ್ತಿ ಬೇಡ ಬೇಡ ಎಂದು ಬೀಸಿದಳು. ಅವರು ಒಂದು ರೆಕ್ಕೆ ವಾಲಿಸಿ ಬಂದ ದಾರಿಯಲ್ಲೇ ಹೊರಟುಹೋದರು. ಮತ್ತೆಂದೂ ಬರಲಿಲ್ಲ. ನಮ್ಮ ಊರಿಗೆ ಬೇರೆ ಕೆಲಸವಿಲ್ಲದೆ ಬಂದು ಹೋದ ಒಬ್ಬರೇ ಒಬ್ಬರನ್ನು ನಾವು ಹೀಗೆ ಓಡಿಸಿಬಿಟ್ಟೆವು. ಇವತ್ತಿಗೂ ನನಗೆ ಅದರ ಸಂಕಟವಿದೆ.

ಸದ್ದು ಅಡಗಿದ ಮೇಲೆ ದೊಡ್ಡಮ್ಮ ಕಲ್ಲುಗಳ ಸುತ್ತ ಒಮ್ಮೆ ನಡೆದಳು. ಕಲ್ಲು ಹೇರಿ ತಂದ ಗಾಡಿಯ ಜಾಡು ಬಯಲಿನ ಅಂಚಿನ ಮೆತ್ತನೆಯ ಮಣ್ಣಿನಲ್ಲಿ ಸ್ಪಷ್ಟವಾಗಿತ್ತು. ಅವಳು ಅದರ ಜೊತೆಯಲ್ಲೇ ಹೆಜ್ಜೆ ಹಾಕಿದಳು. ನಾನು ಹಿಂದೆ ಹಿಂದೆ ನಡೆದೆ. ಆ ಜಾಡು ಎಲ್ಲಿಗೆ ಹೋಗುತ್ತದೆಂದು ಅರ್ಧ ದಾರಿಯಲ್ಲೇ ನನಗೆ ತಿಳಿದಿತ್ತು. ಅದು ನಮ್ಮ ಅಂಗಳದಲ್ಲಿ, ನಮ್ಮ ಗಾಡಿಯ ಕೆಳಗೆ ಮುಗಿಯಿತು. ಅಪ್ಪ ಗಾಡಿಗೆ ಒರಗಿ ಬೀಡಿ ಸೇದುತ್ತಾ ಕೂತಿದ್ದ. ಏನೂ ಅರಿಯದವನಂತೆ, ವಿಮಾನ ಬರಲಿಲ್ಲವೇ ಎಂದು ಕೇಳಿದ.

ದೊಡ್ಡಮ್ಮ ಗಾಡಿಯ ಚಕ್ರ ನೋಡಿದಳು, ಅಪ್ಪನನ್ನು ನೋಡಿದಳು. ಅವಳಿಗೆ ಈಗ ಮೇಲೆ ಹತ್ತಿ ನೋಡುವ ಅಗತ್ಯವಿರಲಿಲ್ಲ.

“ಹಂಗಾದ್ರೆ ಬದು ಇನ್ನೂ ನೆಟ್ಟಗಾಗಿಲ್ಲ” ಎಂದಳು.

ಅಪ್ಪ ಬೀಡಿ ಆರಿಸಿ, ಎದ್ದು, ಬದುವಿನುದ್ದಕ್ಕೂ ಎಳೆದು ಕಟ್ಟುವ ಹಗ್ಗ ತರಲು ಒಳಗೆ ಹೋದ.