ರೋಹಿಣಿ ಕಂಪನಿಯ ಕೆಂಪಸಿದ್ದಯ್ಯ

ಕೊತ್ತತ್ತಿಯ ಕೆಂಪಸಿದ್ದಯ್ಯನಿಗೆ ಹೆಂಡತಿ ಒಬ್ಬಳು, ಕಾರು ಕಂಪನಿ ಒಂದು. ಎರಡರ ಬಗ್ಗೆಯೂ ಹೊರಗಿನವರು ತುಟಿ ಬಿಚ್ಚುವಂತಿಲ್ಲ. ಮೂವತ್ತು ವರ್ಷದಲ್ಲಿ ಕೊಂಡ ಮೂರು ಕಾರೂ ರೋಹಿಣಿ ಕಂಪನಿಯವೇ. ಮೂರನ್ನೂ ತಳ್ಳಿದ ಪಕ್ಕದ ಮನೆಯ ಓರಗೆಯವನು ನಾನು. ನಡುದಾರಿಯಲ್ಲಿ ಕಾರು ನಿಂತಾಗ ಅವನು ಪೆಟ್ರೋಲ್ ಬಂಕಿನವರನ್ನು ಬೈದಿದ್ದಾನೆ, ರಸ್ತೆಯನ್ನು ಬೈದಿದ್ದಾನೆ, ಸರಿಯಾಗಿ ತಳ್ಳಲಿಲ್ಲವೆಂದು ನನ್ನನ್ನೂ ಬೈದಿದ್ದಾನೆ. ಕಂಪನಿಯನ್ನು ಮಾತ್ರ ಒಂದು ಸಲವೂ ಬೈದವನಲ್ಲ.

ಊರಲ್ಲಿ ಯಾರು ಕಾರು ಕೊಳ್ಳುವುದಾದರೂ ಅವನನ್ನು ಕೇಳಬೇಕು. ಕೇಳದಿದ್ದರೂ ಮನೆಗೆ ಬಂದು ಹೇಳುತ್ತಾನೆ. ಮದ್ದೂರಿನಲ್ಲಿರುವ ಅವನ ಭಾಮೈದ ಮಹದೇವು ಬಾಡಿಗೆಗೆ ಓಡಿಸಲು ಕಾರು ಕೊಳ್ಳಲು ಹೊರಟಾಗ, "ತಡ್ಕಳ್ಲಾ, ನಮ್ಮ ಕಂಪ್ನಿ ಒಸ ಗಾಡಿ ಬತ್ತಾ ಅದೆ" ಎಂದು ಎಂಟು ತಿಂಗಳು ಕಾಯಿಸಿದ. ಪಾಪ, ಕೆಲಸ ಬಿಟ್ಟು ಅವನು ಕಾದ. ಹೋದ ತಿಂಗಳು ಹೊಸ ಗಾಡಿಗಳು ಮಂಡ್ಯದ ಷೋರೂಮಿಗೆ ಬಂದವು. ಯಾವುದು ಕೊಳ್ಳಬೇಕೆಂದು ಸಂಜೆಯೊಳಗೆ ಹೇಳುವುದಾಗಿ ಭಾಮೈದನಿಗೆ ಮಾತು ಕೊಟ್ಟು, ಹೆಂಡತಿ ಪುಟ್ಟಮಾದಮ್ಮನನ್ನೂ ನನ್ನನ್ನೂ ಹತ್ತಿಸಿಕೊಂಡು ಕೆಂಪಸಿದ್ದಯ್ಯ ಹೊರಟ. ಡಿಕ್ಕಿಯಲ್ಲಿ ಬೀಗರೂಟದ ಹಂಡೆ ಇತ್ತು. ನೆಂಟರಿಷ್ಟರ ಬೀಗರೂಟಕ್ಕೆಲ್ಲ ಬಾಡಿನ ಸಾರಿನ ಹಂಡೆ ಹೋಗುವುದು ಅವನ ಕಾರಿನಲ್ಲೇ. ಅದು ಹಿಡಿಸದ ಡಿಕ್ಕಿಯನ್ನು ಅವನು ಡಿಕ್ಕಿಯೆಂದೇ ಒಪ್ಪುವುದಿಲ್ಲ.

ಷೋರೂಮಿನಲ್ಲಿ ನಾಲ್ಕು ಗಾಡಿ ಸಾಲಾಗಿ ನಿಂತಿದ್ದವು. ಒಂದೇ ಮೂತಿ, ಒಂದೇ ಬೂದಿ ಬಣ್ಣ. ಕೆಂಪಸಿದ್ದಯ್ಯ ಎರಡು ಸುತ್ತು ಹಾಕಿ, "ಇದ ನೋಡಾಯ್ತು, ಮಿಕ್ಕಿದ್ದ ತೋರ್ಸಪ್ಪ" ಎಂದ.

"ಇಷ್ಟೇ ಸರ್, ನಾಲ್ಕು ಮಾಡಲ್ಲು" ಎಂದ ಗಾಡಿ ಮಾರುವ ಪ್ರೀತಂ.

"ನಾಕಾ? ಒಂದ್ನೇ ನಾಕು ನಿಲ್ಸಿದ್ದೀರಿ ಅನ್ಕಂಡೆ ಕಣಪ್ಪ."

ಹಂಡೆ ಎತ್ತಿ ತಂದೆವು. ಮೊದಲಿನ ಎರಡರಲ್ಲಿ ಅರ್ಧಕ್ಕೇ ಸಿಕ್ಕಿಕೊಂಡಿತು. ಮೂರನೆಯದು ಗ್ಯಾಸಿನಲ್ಲಿ ಓಡುವ ಗಾಡಿ, ಡಿಕ್ಕಿಯಲ್ಲಿ ಅದರ ಸಿಲಿಂಡರೇ ಮಲಗಿತ್ತು. ನಾಲ್ಕನೆಯದರೊಳಗೆ ಹಂಡೆ ಹೋಯಿತು, ಡಿಕ್ಕಿಯ ಬಾಗಿಲು ಮುಚ್ಚಲಿಲ್ಲ.

"ಇದರಲ್ಲಿ ಸನ್‌ರೂಫ್ ಇದೆ ಸರ್" ಎಂದು ಪ್ರೀತಂ ಗಾಡಿಯ ನೆತ್ತಿಯ ಗಾಜಿನ ಕಿಂಡಿ ತೆರೆದು ತೋರಿಸಿದ.

"ಅಂಡೆಯ ಅಲ್ಲಿಂದ ಇಳಿಸ್ಲಾ?"

ನನಗೆ ನಗು ಬಂತು. ಆದರೆ ಕೆಂಪಸಿದ್ದಯ್ಯನ ಮುಖ ನೋಡಿ ನುಂಗಿಕೊಂಡೆ. "ಇದಕ್ಕಾ ನಾನು ಮಾದೇವುನ ಕಾಯ್ಸಿದ್ದು?" ಎಂದು ಹಂಡೆಯ ಪಕ್ಕದಲ್ಲೇ ಕುಕ್ಕರಿಸಿದ.

ರಸ್ತೆಯ ಆಚೆ ಬೇರೆ ಕಂಪನಿಯ ಷೋರೂಮಿತ್ತು. ಅಲ್ಲಿಗೆ ಕಾಲಿಡಲು ಮನಸ್ಸು ಬಾರದೆ ಹೆಂಡತಿಯನ್ನು ಕಳಿಸಿದ. ಹತ್ತು ನಿಮಿಷಕ್ಕೆ ಪುಟ್ಟಮಾದಮ್ಮ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಬಂದಳು.

"ಅಲ್ಲೂ ಇವೇ ಕಣಯ್ಯ. ಮುಂದ್ಗಡೆ ಕಂಪ್ನಿ ಬಿಲ್ಲೆ ಒಂದು ಬ್ಯಾರೆ, ಅಷ್ಟೆ."

ಕೆಂಪಸಿದ್ದಯ್ಯ ಎದ್ದು ನಿಂತ. "ನೋಡ್ದಾ! ನಮ್ಮೋರೊಬ್ರೇ ಕೆಟ್ಟಿಲ್ಲ!" ಎಂದು ನನ್ನ ಬೆನ್ನಿಗೆ ಗುದ್ದಿ, ಆ ಖುಷಿಯಲ್ಲಿ ಮೂವರಿಗೂ ಟೀ ಹೇಳಿದ. ಟೀ ಮುಗಿಯುವ ಮೊದಲೇ ಖುಷಿ ಮುಗಿಯಿತು. ಲೋಟ ಕೆಳಗಿಟ್ಟು ಭಾಮೈದನಿಗೆ ಫೋನ್ ಮಾಡಿದ. ಕಿವಿ ಸ್ವಲ್ಪ ಮಂದವಾದ್ದರಿಂದ ಅವನ ಫೋನು ಯಾವಾಗಲೂ ಸ್ಪೀಕರಿನಲ್ಲೇ.

"ಮಾದೇವು, ನಿಂಗ್ಯಾವ್ದು ಇಷ್ಟವೋ ಅದ ತಕ್ಕಳಪ್ಪ. ನನ್ನ ಕೇಳ್ಬ್ಯಾಡ. ಕಾಯ್ಸಿದ್ದು ನಂದೇ ತಪ್ಪು."

ಆ ಕಡೆಯಿಂದ ಮಹದೇವುವಿನ ಗಾಬರಿಯ ದನಿ ಕೇಳಿಸಿತು:

"ಬಾವ, ಮೈಗೆ ಉಸಾರಿಲ್ವಾ? ಅಕ್ಕನ್ ಕೈಗೆ ಫೋನ್ ಕೊಡು."