ಹಿಡಿದ ಮೀನಖಂಡಕ್ಕೆ ಒದೆ ಮದ್ದಲ್ಲ

ನಾನು ತಾಯಿಯ ಹೊಟ್ಟೆಯಿಂದ ಕಾಲು ಮುಂದಾಗಿ ಬಂದವಳು. ಅಂಥವರು ಒದ್ದರೆ ಬೆನ್ನಿನ ಚಳಕು ಬಿಡುತ್ತದೆ ಎಂದು ನಮ್ಮ ಆಳಂದದ ಕಡೆ ನಂಬುತ್ತಾರೆ. ಅದಕ್ಕೇ ಬುದ್ಧಿ ಬಂದಾಗಿನಿಂದ ಊರಿನ ನೋವೆಲ್ಲ ನನ್ನ ಹೊಸ್ತಿಲಲ್ಲಿ ಬೋರಲು ಮಲಗುತ್ತ ಬಂದಿದೆ. ತೊಗರಿ ಚೀಲ ಎತ್ತಿದವನು, ದಿನವೆಲ್ಲ ಟ್ರ್ಯಾಕ್ಟರ್ ಮೇಲೆ ಕುಲುಕಿದವನು, ಮದುವೆ ಮನೆಯಲ್ಲಿ ರೊಟ್ಟಿ ಬಡಿದವಳು. ಎಡಗಾಲಿನಿಂದ ಮೆಲ್ಲಗೆ ತಾಗಿಸುತ್ತೇನೆ, ನಗುತ್ತ ಎದ್ದು ಹೋಗುತ್ತಾರೆ. ಆಮೇಲೆ ಮೈಗೆ ಆರಾಮ ಕೊಟ್ಟವರಿಗೆ ವಾಸಿಯಾಗುತ್ತದೆ, ಕೊಡದವರು ಮತ್ತೆ ಬರುತ್ತಾರೆ. ಅಷ್ಟು ತಿಳಿಯಲು ಸಾಲಿ ಕಲಿಯಬೇಕಾಗಿಲ್ಲ.

ಈ ಸಲದ ತೊಗರಿ ಕೊಯ್ಲಿನಲ್ಲಿ ನನ್ನ ಮಗ ತನ್ನ ಹೆಂಡತಿಯನ್ನೇ ಕರೆತಂದು ಮಲಗಿಸಿದ.

ಸೊಸೆ ಮಣ್ಣೂರಿನವಳು, ಭೀಮಾ ದಂಡೆಯಲ್ಲಿ ಬೆಳೆದವಳು. ನಸುಕಿಗೆ ಎದ್ದು ಮನೆಮಂದಿಗೆಲ್ಲ ರೊಟ್ಟಿ ಬಡಿದು, ಹೊತ್ತು ಮುಳುಗುವ ತನಕ ಬಗ್ಗಿ ತೊಗರಿ ಕೊಯ್ದು, ಕಟ್ಟಿದ ಸೂಡನ್ನು ತಲೆಯ ಮೇಲೆ ಹೊತ್ತು ಬಣವೆಗೆ ಹಾಕುತ್ತಿದ್ದಳು. ಅವತ್ತು ಸೂಡು ಹೊತ್ತಿದ್ದಾಗಲೇ ಎರಡೂ ಕಾಲಿನ ಮೀನಖಂಡ ಹಿಡಿದು, ಕುಸಿದು ಕೂತಳಂತೆ. ಸೊಂಟವೂ ಬಿಗಿದಿತ್ತು. ಅಂಗಡಿಯ ನೋವಿನ ಗುಳಿಗೆಯನ್ನು ಖಾಲಿ ಹೊಟ್ಟೆಯಲ್ಲಿ ನುಂಗಿ ಚಹಾ ಕುಡಿದಿದ್ದಳು. ಈಗ ನನ್ನೆದುರು ಮುಖ ಕೆಳಗೆ ಮಾಡಿ ಬಿದ್ದಿದ್ದಳು.

"ಯವ್ವಾ, ಒಮ್ಮಿ ಕಾಲ್ ಹಚ್ಚು. ನಾಳಿ ಈಕಿ ಹೊಲಕ್ಕ ಬರ್ಲೇಬೇಕು," ಎಂದ ಮಗ.

ಎತ್ತಿಗೆ ಲಾಳ ಬಡಿಸಲು ತಂದವನ ಹಾಗೆ ನಿಂತಿದ್ದ. ನನಗೆ ಮೈ ಉರಿಯಿತು. ಆದರೂ ಮೊದಲು ಕೂತು ಅವಳ ಕಾಲು ಮುಟ್ಟಿ ನೋಡಿದೆ. ಮೀನಖಂಡ ಕಲ್ಲಾಗಿತ್ತು. ತುಟಿ ಒಡೆದಿತ್ತು. ಉಚ್ಚೆ ಹೇಗೆ ಹೋಗುತ್ತದೆ ಎಂದು ಕೇಳಿದೆ. ಗಂಡನ ಮುಂದೆ ಹೇಳಲು ನಾಚಿದಳು. ಅವನನ್ನು ಹೊರಗೆ ಅಟ್ಟಿದ ಮೇಲೆ, ಉರಿಯುತ್ತದೆ, ಅರಿಸಿನದ ಹಾಗೆ ಹೋಗುತ್ತದೆ ಎಂದಳು.

"ಹೊಲದಾಗ ನೀರ್ ಕುಡೀತಿಯಿಲ್ಲೇನ್ಬೇ?"

"ಕುಡದ್ರ ಹೋಗಾಕ ಮರೆ ಎಲ್ಲೈತ್ರಿ ಅತ್ತಿ? ಸುತ್ತಲಿನ ತೊಗರಿ ಎಲ್ಲಾ ಕೊಯ್ದೀವಿ."

ಆಳೆತ್ತರದ ತೊಗರಿ ನಿಂತಿರುವ ತನಕ ಹೆಂಗಸಿಗೆ ಹೊಲದಲ್ಲಿ ಮರೆ ಇರುತ್ತದೆ. ಕೊಯ್ಯುತ್ತ ಹೋದಂತೆ ಬಯಲು. ಕೆಲಸ ಹೆಚ್ಚಾದಷ್ಟು ಮರೆ ಕಡಿಮೆ, ಮರೆ ಕಡಿಮೆಯಾದಷ್ಟು ನೀರು ಕಡಿಮೆ. ಅಫಜಲಪುರದಲ್ಲೂ ಇದೇ, ಜೇವರ್ಗಿಯಲ್ಲೂ ಇದೇ. ಗಂಡಸರು ಬದುವಿಗೆ ಬೆನ್ನು ತಿರುಗಿಸಿ ನಿಂತರೆ ಮುಗಿಯಿತು. ಹೆಂಗಸರು ನಾಲಿಗೆ ಒಣಗಿಸಿಕೊಂಡು ಕೊಯ್ಯುತ್ತಾರೆ, ಆಮೇಲೆ ಸ್ನಾಯು ಹಿಡಿಯಿತು, ದೆವ್ವ ಹಿಡಿಯಿತು ಎಂದು ಅವರನ್ನು ನನ್ನ ಕಾಲಿಗೆ ತಂದು ಹಾಕುತ್ತಾರೆ.

ಕಟ್ಟೆಯ ಮೇಲೆ ಕೂತಿದ್ದ ನನ್ನ ನಾದಿನಿ ಸುಮ್ಮನಿರಲಿಲ್ಲ. ತಾವೆಲ್ಲ ಹಸಿ ಬಾಣಂತಿಯರಿದ್ದಾಗಲೂ ಕೊಯ್ದೆವು, ಯಾರೂ ಹೀಗೆ ಮಲಗಲಿಲ್ಲ ಎಂದಳು.

"ಹೌದ್ಬೇ, ಅದಕ್ಕ ಈಗ ಕೋಲ್ ಹಿಡದು ಅಡ್ಡಾಡಾಕತ್ತಿ," ಎಂದೆ.

ಕಾಲು ಹಚ್ಚಲಿಲ್ಲ. ಉಪ್ಪು ಹಾಕಿದ ಮಜ್ಜಿಗೆಯನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸಿದೆ. ಮಂಡಿ ನೀಟ ಮಾಡಿಸಿ, ಅಂಗಾಲನ್ನು ಅವಳ ಮುಖದ ಕಡೆ ಬಗ್ಗಿಸಿ, ಗಂಟು ಸಡಿಲಾಗುವ ತನಕ ಹಿಡಿದೆ. ಸೊಂಟಕ್ಕೆ ಉಪ್ಪಿನ ಗಂಟಿನಿಂದ ಬೆಚ್ಚಗೆ ಕಾವು ಕೊಟ್ಟೆ. ಕಾಲು ಜೋಮು ಹಿಡಿದು ಬಲ ಹೋದರೆ, ಬಾವು ಬಂದರೆ, ಉಚ್ಚೆ ಕಪ್ಪಗಾದರೆ ಆಳಂದದ ದವಾಖಾನೆಗೇ ಹೋಗಬೇಕು, ನನ್ನ ಹತ್ತಿರ ಅಲ್ಲ ಎಂದು ಮಗನಿಗೆ ಗಟ್ಟಿಯಾಗಿ ಹೇಳಿದೆ. ಅವಳು ಪೂರ್ತಿ ಏಳುವ ತನಕ ನೀರು ಅವನೇ ಹೊತ್ತ. ಊರು ನೋಡಿತು. ನೋಡಲಿ.

ಅವಳು ಮತ್ತೆ ಹೊಲಕ್ಕೆ ಹೊರಟ ದಿನ ನಾನೂ ಹೊರಟೆ. ಕೊಯ್ಯಲು ಉಳಿದಿದ್ದ ತೊಗರಿಯಲ್ಲಿ ಬೇವಿನ ಗಿಡದ ಕಡೆಯ ಮೂಲೆಗೆ ಹೋಗಿ ಕೂತೆ. ಇದನ್ನು ಕಡೆಗೆ ಕೊಯ್ಯಿರಿ, ಹೆಂಗಸರೆಲ್ಲ ಮನೆಗೆ ಹೋದ ಮೇಲೆ ಎಂದೆ. ಮಗ ಸಿಟ್ಟಾದ. ಕಾಳು ಬಿಡಿಸುವ ರಾಶಿ ಮಷೀನು ಬರುತ್ತದೆ, ಒಣಗಿದ ಕಾಯಿ ಸಿಡಿಯುತ್ತದೆ, ಮಂದಿ ನಗುತ್ತಾರೆ ಎಂದ.

"ಮಷೀನ್ ಕಾಯ್ಲಿ. ನಿನ್ ಹೇಣ್ತಿ ಉಚ್ಚಿ ಹಿಡ್ಕೊಂಡು ಕಾದಾಳಲ್ಲ, ಹಂಗ."

ಅವನು ಕುಡಗೋಲು ತೆಗೆದುಕೊಂಡು, ಆ ಮೂಲೆ ಬಿಟ್ಟು ಹೊಲದ ಇನ್ನೊಂದು ಕಡೆ ಹೋದ. ಸೊಸೆ ಕೊಡದಿಂದ ತಂಬಿಗೆ ತುಂಬಿ ಎಲ್ಲರೆದುರು ಗಟಗಟ ಕುಡಿದಳು. ಕೂಲಿಗೆ ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು, ಆಮೇಲೆ ಅವರೂ ತಂಬಿಗೆಗೆ ಕೈಚಾಚಿದರು. ಪಕ್ಕದ ಹೊಲದವನು ನಮ್ಮ ಮೂಲೆ ನೋಡಿ, ಮುದುಕಿಗೆ ತಲೆ ಕೆಟ್ಟಿದೆ ಎಂದನಂತೆ. ಮಧ್ಯಾಹ್ನ ಅವನ ಹೆಂಡತಿ ಬದು ದಾಟಿ ನಮ್ಮ ತೊಗರಿಯೊಳಗೆ ಹೋದಳು.