ಕೂರಲು ಬಿಡದ ಬೆನ್ನು

ಹಿಂದಿನಿಂದ ಯಾರಾದರೂ ಕರೆದರೆ ನನ್ನ ಫಿಜಿಯೋಥೆರಪಿಸ್ಟರ ಕತ್ತು ತಿರುಗುತ್ತಿರಲಿಲ್ಲ. ಪಾದದಿಂದ ತಲೆಯವರೆಗೆ ಇಡೀ ಮನುಷ್ಯನೇ ತಿರುಗಬೇಕಿತ್ತು. ಬೆನ್ನುಮೂಳೆಯ ಕೀಲುಗಳು ಒಂದಕ್ಕೊಂದು ಬೆಸೆದುಕೊಳ್ಳುವ ಕಾಯಿಲೆ. ಮರಾಠಿ ನಾಡಿನ ಹಡಪಸರದಲ್ಲಿ ಅವರ ಕ್ಲಿನಿಕ್. ಬೀದರ್ ಕಡೆಯವರು, ನಾನು ಮೈಸೂರಿನವಳೆಂದು ತಿಳಿದದ್ದೇ ಮರಾಠಿ ಬಿಟ್ಟು ಕನ್ನಡಕ್ಕೆ ಹೊರಳಿದ್ದರು.

ನಾನು ಸ್ಕೂಟರಿನಿಂದ ಬಿದ್ದು ಬಲಗೈ ಮುರಿದುಕೊಂಡಿದ್ದೆ. ಪ್ಲಾಸ್ಟರ್ ಬಿಚ್ಚಿದಾಗ ಮೊಣಕೈ ಅರ್ಧಕ್ಕೇ ನಿಂತಿತ್ತು. ತುತ್ತು ಬಾಯಿಗೆ ಮುಟ್ಟುತ್ತಿರಲಿಲ್ಲ. ಮಗಳ ಜಡೆ ಗಂಡ ಹಾಕುತ್ತಿದ್ದ, ಅವಳು ಅಳುತ್ತಿದ್ದಳು.

"ಭುಜದ ಕೀಲು ಎಲ್ಲಾ ಕಡೆ ತಿರುಗ್ತದ್ರೀ, ಒಂದ್ ಕಡೆ ಹಿಡದ್ರ ಇನ್ನೊಂದ್ ಕಡೆ ದಾರಿ ಹುಡುಕ್ತದ. ಮೊಣಕೈ ಹಂಗಲ್ಲ, ಬಾಗಿಲದ ಬಿಜಾಗರಿ ಇದ್ದಂಗ. ಮಡಚಬೇಕು, ಚಾಚಬೇಕು, ಅಷ್ಟೇ," ಎಂದರು.

ಅವರು ಕೂತದ್ದನ್ನು ನಾನು ಕಂಡಿಲ್ಲ. ಸುಮ್ಮನೆ ಕೂತರೆ ಬೆನ್ನು ಇನ್ನಷ್ಟು ಬಿಗಿಯುತ್ತಿತ್ತಂತೆ. ನನ್ನ ಕೈ ಮಡಚುತ್ತಲೇ ಕಾಲು ಬದಲಿಸುವರು, ಚಹಾ ಕುಡಿಯುತ್ತ ಅಡ್ಡಾಡುವರು, ಫೋನು ಬಂದರೆ ಗೋಡೆಗೆ ಬೆನ್ನೊತ್ತಿ ನಿಲ್ಲುವರು. ಆ ಚಡಪಡಿಕೆ ನನಗೂ ಅಂಟುತ್ತಿತ್ತು. ಒಂದು ದಿನ ನೋವು ತಾಳದೆ ಎದ್ದುಬಿಟ್ಟೆ. "ಸಾಕು ಸಾರ್, ಒಂದು ತಿಂಗಳು ರೆಸ್ಟ್ ಮಾಡ್ತೀನಿ."

ಅವರು ಬಾಗಿಲಿಗೆ ಅಡ್ಡ ನಿಂತರು.

"ನಾನೂ ಹಂಗ ಮಲಗಿದ್ದೆ ರೀ. ಕಾಲೇಜಿನ್ಯಾಗ ಇದ್ದಾಗ ಸೊಂಟ ನೋವು ಅಂತ ಡಾಕ್ಟರ ಕಡೆ ಹೋದ್ರ, ಉಳುಕ್ಯದ, ಮಲ್ಕೋ ಅಂದ್ರು. ಮಲಗಿದಷ್ಟೂ ಬೆನ್ನು ಕಟ್ಟಿಗಿ ಆಗ್ಕೋತ ಹೋತು. ಮುಂಜಾನೆ ಅವ್ವ ಬಂದು ಎಬ್ಬಸಬೇಕಿತ್ತು. ಬ್ಯಾನಿ ಯಾವುದಂತ ಗೊತ್ತಾಗೂದ್ರಾಗ ಕುತ್ತಿಗೀನೂ ಹೋಗಿತ್ತು." ನನ್ನ ಮೊಣಕೈ ಮುಟ್ಟಿ, "ನಿಮ್ಮದು ಇನ್ನೂ ಹೋಗಿಲ್ಲ," ಎಂದರು.

ಮರಳಿ ಕೂತು ಕೈ ಒಪ್ಪಿಸಿದೆ. ದೀಪಾವಳಿಯ ಹೊತ್ತಿಗೆ ಮಗಳ ಜಡೆ ನಾನೇ ಹೆಣೆದೆ, ಸೊಟ್ಟಗೆ.

ಕಳೆದ ಮಳೆಗಾಲದಲ್ಲಿ ಅವರು ರೋಗಿಯೊಬ್ಬರ ಮನೆಯ ಮೆಟ್ಟಿಲಲ್ಲಿ ಜಾರಿದರು. ನಮಗಾದರೆ ತರಚುಗಾಯ, ಅವರ ಬೆಸೆದ ಕತ್ತು ಸೀಮೆಸುಣ್ಣದಂತೆ ಮುರಿಯಿತು. ನಾನು ಆಸ್ಪತ್ರೆಗೆ ಹೋದಾಗ ಅವರ ಕುತ್ತಿಗೆಯ ಕೆಳಗೆ ಏನೂ ಅಲುಗುತ್ತಿರಲಿಲ್ಲ. ಹೆಂಡತಿ ಅವರ ಕಾಲನ್ನು ಮಡಚುತ್ತ, ಚಾಚುತ್ತ ಇದ್ದರು. ಹಾಗೆ ಮಾಡೆಂದು ಅವರೇ ಹೇಳಿದ್ದರಂತೆ. ನನ್ನನ್ನು ಕಂಡು ಅವರ ಕಣ್ಣಷ್ಟೇ ಹೊರಳಿತು.

"ಕೈ ತೋರಸ್ರಿ."

ಅವರಿಗೆ ಕಾಣುವಂತೆ ಬಾಗಿ ಮಡಚಿದೆ, ಚಾಚಿದೆ.

"ಪೂರ್ತಿ ಆಗಿಲ್ಲ," ಪಿಸುದನಿಯಲ್ಲಿ ಹೇಳಿದರು. "ಇನ್ನೊಂಚೂರು ಅದ."

ಅಲ್ಲೇ ನಿಂತು ಇನ್ನೊಂಚೂರು ಒತ್ತಿದೆ. ಕಣ್ಣು ತುಂಬಿತು. ನೋವಿಗೆಂದು ಅವರು ನಂಬಿದರೋ ಏನೋ, "ಹಾಂ, ಹಂಗ," ಎಂದರು.

ಆ ವಾರವೇ ತೀರಿಕೊಂಡರು. ಅವರು ಉಳಿಸಿಕೊಟ್ಟ ಬಲಗೈಯಲ್ಲೇ ಇದನ್ನು ಬರೆಯುತ್ತಿದ್ದೇನೆ. ನಡುನಡುವೆ ಎದ್ದು ಅಡ್ಡಾಡದೆ ಆಗುತ್ತಿಲ್ಲ.